‘ಸಿಸ್ಟಮ್‌ನಲ್ಲಿ ಕ್ಲೋಸ್ ಆಗಿದೆ ಸರ್’ ಅಂದ್ರೆ ನಂಬಬೇಡಿ: ಹೈವೇ ಮಧ್ಯೆ ಆಫ್ ಆದ ನನ್ನ ಕಾರು, ಮಾಡದೇ ಮುಗಿಸಿದ ರೀಕಾಲ್

ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು, ತಗೋಬೇಕು ಅಂತಿರುವವರು ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ, ಕೋಪದಲ್ಲಿ ಬರೆದಿದ್ದೇನೆ, ಅಲ್ಲಲ್ಲಿ ಹೇಳಿದ್ದನ್ನೇ ಹೇಳಿರಬಹುದು. ಪರವಾಗಿಲ್ಲ. ನಿಮ್ಮ ಕಾರಿಗೆ ಕಂಪನಿ ಯಾವತ್ತಾದರೂ ರೀಕಾಲ್ (ದೋಷವಿರುವ ಪಾರ್ಟ್ ಸರಿಮಾಡಲು ಕಂಪನಿಯೇ ಗಾಡಿಗಳನ್ನು ವಾಪಸ್ ಕರೆಯುವುದು) ಕರೆದಿದ್ದರೆ, ‘ಅದು ಆಗಲೇ ಆಗಿದೆ ಸರ್, ಸಿಸ್ಟಮ್‌ನಲ್ಲಿದೆ’ ಎಂಬ ಮಾತನ್ನು ಮಾತ್ರ ನಂಬಬೇಡಿ. ಕಂಪ್ಯೂಟರ್‌ನಲ್ಲಿ ಕೆಲಸ ಮುಗಿಸುವುದಕ್ಕೂ ಕಾರಿನಲ್ಲಿ ಕೆಲಸ ಮುಗಿಸುವುದಕ್ಕೂ ಸಂಬಂಧವೇ ಇಲ್ಲ ಅಂತ ನನಗೆ ಗೊತ್ತಾಗಿದ್ದು ಲಾರಿಯ ಮುಂದೆ.

ನನ್ನದು 2018ರ ಪೆಟ್ರೋಲ್ ಸೆಡಾನ್. ಕಂಪನಿ ಹೆಸರು ಈಗ ಬರೆಯುವುದಿಲ್ಲ, ಕೇಸು ನಡೆಯುತ್ತಿದೆ. ರಸ್ತೆ ಬದಿಯ ಬ್ರೋಕರ್ ಹತ್ತಿರ ತಗೊಂಡಿದ್ದಲ್ಲ. ಕಂಪನಿಯ ಬೋರ್ಡ್ ಹಾಕಿಕೊಂಡಿರುವ, ಎಸಿ ಇರುವ, ಕಾಫಿ ಕೊಡುವ ಯೂಸ್ಡ್ ಕಾರ್ ಷೋರೂಮ್‌ನಲ್ಲೇ ತಗೊಂಡಿದ್ದು. ಹೊರಗೆ ಇದಕ್ಕಿಂತ ಐವತ್ತು ಸಾವಿರ ಕಮ್ಮಿಗೆ ಸಿಗುತ್ತಿತ್ತು. ಆದರೂ ಇಲ್ಲೇ ತಗೊಂಡೆ, ಯಾಕೆಂದರೆ ಸೇಲ್ಸ್ ಹುಡುಗ ಸರ್ವಿಸ್ ಹಿಸ್ಟರಿ ಪ್ರಿಂಟ್ ತೆಗೆದು ಕೈಗೆ ಕೊಟ್ಟ. ಅದರಲ್ಲಿ ಒಂದು ಸಾಲನ್ನು ಪೆನ್ನಿನಿಂದ ಅವನೇ ಗುರುತು ಮಾಡಿದ. 2021ರಲ್ಲಿ ಫ್ಯುಯೆಲ್ ಪಂಪ್ (ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್) ರೀಕಾಲ್, ಕಂಪ್ಲೀಟೆಡ್. ‘ನೋಡಿ ಸರ್, ರೀಕಾಲ್ ಕೂಡ ಆಗಿದೆ, ನೀವು ಕಣ್ಣು ಮುಚ್ಚಿಕೊಂಡು ಓಡಿಸಬಹುದು’ ಅಂದ. ಅವನ ಪೆನ್ನಿನ ಗುರುತು ಇರುವ ಆ ಹಾಳೆ ಇವತ್ತು ವಕೀಲರ ಫೈಲಿನಲ್ಲಿದೆ.

ಘಟನೆ ನಡೆದಿದ್ದು ಬೆಂಗಳೂರು-ಹಾಸನ ಹೈವೇಯಲ್ಲಿ. ಯಡಿಯೂರು ದಾಟಿ ಬೆಳ್ಳೂರು ಕ್ರಾಸ್ ಇನ್ನೂ ಬಂದಿರಲಿಲ್ಲ. ಹೆಂಡತಿ, ಮಗಳು, ಅತ್ತೆ, ಮಾವ ಎಲ್ಲ ಕಾರಿನಲ್ಲಿದ್ದರು. ನಾನು ಬಲಗಡೆ ಲೇನಿನಲ್ಲಿದ್ದೆ, ಒಂದು ಟ್ಯಾಂಕರ್ ಓವರ್‌ಟೇಕ್ ಮಾಡುತ್ತಿದ್ದೆ. ಆಕ್ಸಿಲರೇಟರ್ ಒತ್ತಿದೆ, ಗಾಡಿ ಏಳಲಿಲ್ಲ. ಇನ್ನೂ ಒತ್ತಿದೆ. ಆರ್‌ಪಿಎಂ ಮುಳ್ಳು ಸೀದಾ ಸೊನ್ನೆಗೆ ಬಿತ್ತು. ಡ್ಯಾಶ್‌ಬೋರ್ಡ್‌ನಲ್ಲಿ ಇರೋ ಬರೋ ಲೈಟೆಲ್ಲ ಹತ್ತಿಕೊಂಡವು. ಶಬ್ದವಿಲ್ಲ, ಹೊಗೆಯಿಲ್ಲ, ಜರ್ಕ್ ಇಲ್ಲ, ಸುಮ್ನೆ ಆಫ್. ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಹಿಂದಿನಿಂದ ಲಾರಿಯವನು ಹಾರ್ನ್ ಒತ್ತಿ ಹಿಡಿದಿದ್ದಾನೆ.

ನಮ್ಮ ಮಾವ ಕೆಎಸ್ಆರ್‌ಟಿಸಿಯಲ್ಲಿ ಡ್ರೈವರ್ ಆಗಿ ರಿಟೈರ್ ಆದವರು. ‘ಅಳಿಯಂದ್ರೇ, ಬ್ರೇಕ್ ಪದೇ ಪದೇ ತುಳೀಬೇಡಿ, ನ್ಯೂಟ್ರಲ್ ಮಾಡಿ, ಎಡಕ್ಕೆ ತಗೊಳ್ಳಿ’ ಅಂತ ಹಿಂದಿನ ಸೀಟಿನಿಂದ ಒಂದೇ ಉಸಿರಿಗೆ ಹೇಳಿದರು. ಎಂಜಿನ್ ನಿಂತ ಮೇಲೆ ಬ್ರೇಕ್ ಬೂಸ್ಟರ್‌ನಲ್ಲಿ (ಬ್ರೇಕ್ ಹಗುರವಾಗಿ ಒತ್ತಲು ನೆರವಾಗುವ ಭಾಗ) ಉಳಿದಿರುವ ವ್ಯಾಕ್ಯೂಮ್ ಒಂದೆರಡು ಸಲ ತುಳಿಯುವುದಕ್ಕಷ್ಟೇ ಸಾಕಾಗುತ್ತದೆ. ಆಮೇಲೆ ಪೆಡಲ್ ಗೋಡೆಯಂತೆ ಗಟ್ಟಿ. ಅದು ಅವರಿಗೆ ಗೊತ್ತಿತ್ತು. ಹಜಾರ್ಡ್ ಲೈಟ್ ಹಾಕಿ, ಟ್ಯಾಂಕರ್ ಹಿಂದಿನಿಂದ ಹೇಗೋ ಎಡಕ್ಕೆ ಬಂದು ನಿಂತೆವು. ಲಾರಿಯವನು ಬೈದುಕೊಂಡು ಹೋದ. ಅವನ ತಪ್ಪೇನಿದೆ?

ಕೀ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮಾವ ಹಿಂದಿನ ಸೀಟಿಗೆ ಕಿವಿ ಇಟ್ಟು ಕೂತರು. ‘ಈಗ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ’ ಅಂದರು. ಸಾಮಾನ್ಯವಾಗಿ ಕೀ ಆನ್ ಮಾಡಿದ ತಕ್ಷಣ ಹಿಂದೆ ಟ್ಯಾಂಕಿನ ಕಡೆಯಿಂದ ಒಂದೆರಡು ಸೆಕೆಂಡ್ ಗುಂಯ್ ಅಂತ ಸಣ್ಣ ಶಬ್ದ ಬರುತ್ತದಲ್ವಾ, ಪಂಪ್ ಪ್ರೆಷರ್ ಕಟ್ಟುವುದು, ಅದು ಬರಲೇ ಇಲ್ಲ. ‘ಪೆಟ್ರೋಲ್ ಪಂಪ್ ಹೋಗಿದೆ’ ಅಂದರು. ನನ್ನ ಪ್ರಾಣ ಅಲ್ಲೇ ಹೋಯಿತು. ಪಂಪ್ ಹೊಸದು ಅಂತ ತಾನೇ ಪ್ರಿಂಟ್ ಕೊಟ್ಟಿದ್ದು? ಅತ್ತೆ ಮಾವನ ಮುಂದೆ ‘ಕಂಪನಿ ಷೋರೂಮಿನಲ್ಲೇ ತಗೊಂಡಿದ್ದು’ ಅಂತ ನಾನು ಕೊಚ್ಚಿಕೊಂಡಿದ್ದು ಒಂದೇ ಸಲ ಅಲ್ಲ. ಹೈವೇ ಸಹಾಯವಾಣಿ 1033ಕ್ಕೆ ಫೋನ್ ಮಾಡಿದೆವು, ಹೈವೇ ಪ್ಯಾಟ್ರೋಲ್‌ನವರು ಬಂದು ಹಿಂದೆ ಕೋನ್ ಇಟ್ಟರು. ಇಡೀ ಕಥೆಯಲ್ಲಿ ಹೇಳಿದ ಕೆಲಸ ಮಾಡಿದವರು ಅಂದರೆ ಅವರೇ.

ಕಾರನ್ನು ಟೋ ಮಾಡಿಸಿ ಆಥರೈಸ್ಡ್ ಸರ್ವಿಸ್ ಸೆಂಟರ್‌ಗೆ ಹಾಕಿಸಿದೆ. ಸರ್ವಿಸ್ ಅಡ್ವೈಸರ್ ಬಾನೆಟ್ ಕೂಡ ಎತ್ತುವ ಮೊದಲೇ ಕೇಳಿದ ಪ್ರಶ್ನೆ: ‘ಯಾವ ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿದ್ರಿ ಸರ್?’ ಈ ಪ್ರಶ್ನೆ ಬಂತು ಅಂದರೆ ಹುಷಾರಾಗಿ. ನಾಳೆ ಬರುವ ಎಸ್ಟಿಮೇಟ್‌ಗೆ ಇವತ್ತೇ ಅಡಿಪಾಯ ಹಾಕುತ್ತಿದ್ದಾರೆ ಅಂತ ಅರ್ಥ. ಮರುದಿನ ಎಸ್ಟಿಮೇಟ್ ಬಂತು. ಪಂಪ್ ಅಸೆಂಬ್ಲಿ, ಟ್ಯಾಂಕ್ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನಿಂಗ್, ಲೇಬರ್, ಅದರ ಮೇಲೆ ಜಿಎಸ್‌ಟಿ. ಕಾರಣದ ಜಾಗದಲ್ಲಿ ‘ಕಲಬೆರಕೆ ಇಂಧನ’. ಟ್ಯಾಂಕಿನ ಪೆಟ್ರೋಲ್ ಒಂದು ಹನಿ ಕೂಡ ಹೊರಗೆ ತೆಗೆದಿರಲಿಲ್ಲ, ಮತ್ತೆ ಕಲಬೆರಕೆ ಅಂತ ಹೇಗೆ ಗೊತ್ತಾಯಿತು? ‘ಅನುಭವ ಸರ್’ ಅಂದ.

ಈ ಪಂಪ್ ರೀಕಾಲ್ ಯಾಕೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಪಂಪಿನ ಒಳಗೆ ಪ್ಲಾಸ್ಟಿಕ್‌ನ ಸಣ್ಣ ಚಕ್ರ ಇರುತ್ತದೆ, ಇಂಪೆಲ್ಲರ್ ಅಂತಾರೆ. ಅದು ತಿರುಗಿ ಪೆಟ್ರೋಲನ್ನು ಎಂಜಿನ್‌ಗೆ ತಳ್ಳಬೇಕು. ಕೆಲವು ವರ್ಷಗಳ ಪಂಪುಗಳಲ್ಲಿ ಆ ಪ್ಲಾಸ್ಟಿಕ್ ಸರಿಯಾದ ಸಾಂದ್ರತೆಯದ್ದಲ್ಲ. ಪೆಟ್ರೋಲ್ ಕುಡಿದು ಊದಿಕೊಳ್ಳುತ್ತದೆ, ಸುತ್ತಲಿನ ಕವಚಕ್ಕೆ ಉಜ್ಜುತ್ತದೆ, ಒಂದು ದಿನ ಸಿಕ್ಕಿಹಾಕಿಕೊಂಡು ನಿಂತೇಬಿಡುತ್ತದೆ. ಪಂಪ್ ನಿಂತರೆ ಎಂಜಿನ್ ನಿಂತಿತು. ಇದೇ ತೊಂದರೆಗೆ ಪ್ರಪಂಚದಾದ್ಯಂತ ಬೇರೆ ಬೇರೆ ಕಂಪನಿಗಳು ಲಕ್ಷಗಟ್ಟಲೆ ಗಾಡಿ ವಾಪಸ್ ಕರೆದಿವೆ. ನಾನು ಎಲ್ಲಿ ಪೆಟ್ರೋಲ್ ಹಾಕಿಸಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದನ್ನೆಲ್ಲ ಅಡ್ವೈಸರ್‌ಗೆ ಹೇಳಿದೆ. ಚಾಸಿ ನಂಬರ್ ಹಾಕಿ ನೋಡಿದ. ಮುಖದಲ್ಲಿ ಒಂದು ನಗು ಬಂತು. ‘ನಿಮ್ಮ ಗಾಡಿ ಲಿಸ್ಟ್‌ನಲ್ಲಿತ್ತು ಸರ್. ಆದರೆ ಸಿಸ್ಟಮ್‌ನಲ್ಲಿ ಕ್ಲೋಸ್ ಆಗಿದೆ. ಒಂದು ಗಾಡಿಗೆ ಒಂದೇ ಸಲ ಫ್ರೀ.’

ಸರಿ, 2021ರಲ್ಲಿ ಹಾಕಿದ ಪಂಪ್ ಇಷ್ಟು ಬೇಗ ಯಾಕೆ ಹೋಯಿತು ಅಂತ ಕೇಳಿದೆ. ‘ಅದರ ವಾರಂಟಿ ಮುಗೀತು ಸರ್.’ ಹಾಗಾದರೆ ಪಂಪ್ ತೆಗೆಯುವಾಗ ನಾನು ನೋಡಬೇಕು ಅಂದೆ. ಕಸ್ಟಮರ್ ಒಳಗೆ ಬರೋ ಹಾಗಿಲ್ಲ, ಸೇಫ್ಟಿ ರೂಲ್ ಅಂದರು. ನಾನು ಜಾಬ್ ಕಾರ್ಡ್‌ಗೆ (ಗಾಡಿಗೆ ಮಾಡುವ ಕೆಲಸದ ವಿವರ ಬರೆಯುವ ಹಾಳೆ) ಸಹಿ ಹಾಕುವುದಿಲ್ಲ ಅಂದೆ. ಆಮೇಲೆ ರೂಲ್ ಸಡಿಲ ಆಯಿತು.

ಮೆಕ್ಯಾನಿಕ್ ಹುಡುಗ ಹಿಂದಿನ ಸೀಟು ಎತ್ತಿದ. ಕೆಳಗೆ ಒಂದು ದುಂಡು ಮುಚ್ಚಳ, ಅದರ ಮೇಲೆ ವರ್ಷಗಳ ಧೂಳು ಹೆಪ್ಪುಗಟ್ಟಿದೆ. ಬಟ್ಟೆಯಿಂದ ಒರೆಸಿದ. ಫ್ಯಾಕ್ಟರಿಯಲ್ಲಿ ಬೋಲ್ಟ್ ಬಿಗಿ ಮಾಡಿದ ಮೇಲೆ ಬೋಲ್ಟಿಗೂ ಪಕ್ಕದ ಲೋಹಕ್ಕೂ ಸೇರಿಸಿ ಬಣ್ಣದ ಗೆರೆ ಎಳೆದಿರುತ್ತಾರೆ ನೋಡಿ, ಆ ಗೆರೆ ಎಲ್ಲ ಬೋಲ್ಟ್ ಮೇಲೂ ಕೂದಲೆಳೆಯಷ್ಟೂ ಅಲುಗಾಡದೆ ಹಾಗೇ ಕೂತಿತ್ತು. ಒಂದು ಸಲ ಸ್ಪ್ಯಾನರ್ ಹಾಕಿದ್ದರೂ ಅದು ತಪ್ಪುತ್ತಿತ್ತು. ಹುಡುಗ ಗೆರೆ ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ಹೇಳಿದ: ‘ಇದನ್ನ ಯಾರೂ ಬಿಚ್ಚೇ ಇಲ್ಲ ಅಣ್ಣಾ.’

ಪಂಪ್ ಹೊರಗೆ ಬಂತು. ಅದರ ಸ್ಟಿಕ್ಕರ್ ಮೇಲೆ ತಯಾರಾದ ವರ್ಷ 2018. 2021ರಲ್ಲಿ ಬದಲಾಯಿಸಿದ ‘ಹೊಸ’ ಪಂಪು 2018ರದ್ದು! ಪಾರ್ಟ್ ನಂಬರ್ ಕೂಡ ಹಳೆಯದೇ. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮಗಳು ಕೂತಿದ್ದ ಸೀಟಿನ ಕೆಳಗೇ ಇಷ್ಟು ದಿನ ಈ ಪಂಪ್ ಇತ್ತು. ಯಾರೋ ಒಬ್ಬ ಎಲ್ಲೋ ಕಂಪ್ಯೂಟರ್ ಮುಂದೆ ಕೂತು ‘ಕಂಪ್ಲೀಟೆಡ್’ ಅಂತ ಒತ್ತಿದ್ದಾನೆ. ರೀಕಾಲ್ ಕೆಲಸಕ್ಕೆ ಡೀಲರ್‌ಗೆ ಕಂಪನಿಯೇ ದುಡ್ಡು ಕೊಡುತ್ತದೆ, ಪಾರ್ಟ್ ಕೂಡ ಕಳಿಸುತ್ತದೆ. ಆ ದುಡ್ಡು ಎಲ್ಲಿ ಹೋಯಿತು, ಆ ಹೊಸ ಪಂಪ್ ಯಾರ ಕಾರಿನಲ್ಲಿದೆ?

ಅಡ್ವೈಸರ್‌ನನ್ನು ಕರೆದು ತೋರಿಸಿದೆ. ಅವನು ಪಂಪ್ ಕಡೆ ನೋಡಲೇ ಇಲ್ಲ, ಟ್ಯಾಬ್ ನೋಡಿಕೊಂಡೇ ಹೇಳಿದ: ‘ಸಿಸ್ಟಮ್‌ನಲ್ಲಿ ಕ್ಲೋಸ್ ಆಗಿದೆ ಸರ್.’ ಗೆರೆ ತೋರಿಸಿದೆ. ‘ಇರಬಹುದು ಸರ್, ಆದರೆ ಸಿಸ್ಟಮ್‌ನಲ್ಲಿ...’ ಸ್ಟಿಕ್ಕರ್ ತೋರಿಸಿದೆ. ‘ಹಳೇ ಸ್ಟಾಕ್ ಹಾಕಿರಬಹುದು ಸರ್.’ ರೀಕಾಲ್ ಮಾಡಿ ಮತ್ತೆ ಅದೇ ಕೆಟ್ಟ ಪಂಪ್ ಹಾಕುತ್ತೀರಾ ಅಂತ ಕೇಳಿದ್ದಕ್ಕೆ ಮ್ಯಾನೇಜರ್ ಬಂದರು. ಅವರದು ಇನ್ನೊಂದು ವರಸೆ: ‘ಗಾಡಿಗೆ ಏಳು ವರ್ಷ ಆಯ್ತಲ್ಲ ಸರ್, ಸರ್ಕಾರದ ರೂಲ್ ಪ್ರಕಾರ ಈಗ ರೀಕಾಲ್ ಬರಲ್ಲ.’

ಇದು ಅರ್ಧ ಸತ್ಯ, ಅದಕ್ಕೇ ಅಪಾಯ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ರೀಕಾಲ್ ಬಗ್ಗೆ 110ಎ ಸೆಕ್ಷನ್ ಬಂತು, ನಿಯಮ ಜಾರಿಗೆ ಬಂದಿದ್ದು 2021ರ ಏಪ್ರಿಲ್ 1ರಿಂದ. ಏಳು ವರ್ಷದೊಳಗಿನ ಗಾಡಿ ಅನ್ನುವುದು ಅದರಲ್ಲಿದೆ ನಿಜ. ದೂರುಗಳು ಇಷ್ಟು ಸಂಖ್ಯೆ ಮುಟ್ಟಿದ ಮೇಲೆ ಸರ್ಕಾರ ಕಡ್ಡಾಯವಾಗಿ ರೀಕಾಲ್ ಮಾಡಿಸುವ ನಿಯಮ ಅದು. 10 ಲಕ್ಷದಿಂದ 1 ಕೋಟಿವರೆಗೆ ದಂಡವೂ ಇದೆ. ಆದರೆ ನನ್ನ ಗಾಡಿಯ ರೀಕಾಲ್ ಕಂಪನಿ ತಾನೇ ಕರೆದಿದ್ದು, ಗಾಡಿ ಹೊಸದಿದ್ದಾಗಲೇ ಕರೆದಿದ್ದು. ಕೆಲಸ ಮಾಡದೇ ವರ್ಷ ಕಳೆಸಿ, ಈಗ ಗಾಡಿಗೆ ವಯಸ್ಸಾಯಿತು ಅಂದರೆ ಹೇಗೆ ಸ್ವಾಮಿ?

ಕಸ್ಟಮರ್ ಕೇರ್ ಕಥೆ ಹೇಳಿ ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ. ‘ಸಂಬಂಧಪಟ್ಟ ಟೀಮ್‌ಗೆ ತಿಳಿಸಿದ್ದೇವೆ.’ ಟಿಕೆಟ್ ನಂಬರ್ ಬರುತ್ತದೆ. ಯಾರೂ ಫೋನ್ ಮಾಡುವುದಿಲ್ಲ. ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಅಂತ ಮೆಸೇಜ್ ಬರುತ್ತದೆ. ಮತ್ತೆ ಫೋನ್ ಮಾಡಿದರೆ ಹೊಸ ಟಿಕೆಟ್. ಇಲ್ಲೂ ಅಷ್ಟೇ, ಸಿಸ್ಟಮ್‌ನಲ್ಲಿ ಕ್ಲೋಸ್! 2021ರಲ್ಲಿ ‘ಕೆಲಸ ಮಾಡಿದ’ ಡೀಲರ್ ಯಾರು ಅಂತ ಕೇಳಿದರೆ, ಆ ಡೀಲರ್‌ಶಿಪ್ ಈಗ ಇಲ್ಲವಂತೆ. ಯೂಸ್ಡ್ ಕಾರ್ ಷೋರೂಮಿಗೆ ಹೋದರೆ ಆ ಸೇಲ್ಸ್ ಹುಡುಗ ಬಿಟ್ಟು ಹೋಗಿದ್ದಾನಂತೆ. ಅಲ್ಲಿನ ಮ್ಯಾನೇಜರ್ ಮಾತು ಇನ್ನೂ ಕಿವಿಯಲ್ಲಿದೆ: ‘ನಾವು ಕೊಟ್ಟಾಗ ಓಡ್ತಾ ಇತ್ತಲ್ವಾ ಸರ್?’ ಓಡುತ್ತಿತ್ತು ಸ್ವಾಮಿ, ಬೆಳ್ಳೂರು ಕ್ರಾಸ್ ತನಕ ಓಡುತ್ತಿತ್ತು.

ಕೊನೆಗೆ ‘ಗುಡ್‌ವಿಲ್’ ಅಂತ ಲೇಬರ್‌ನಲ್ಲಿ 25 ಪರ್ಸೆಂಟ್ ಬಿಟ್ಟರು. ಗಾಡಿ ಬೇಕೇ ಬೇಕಿತ್ತು, ದುಡ್ಡು ಕಟ್ಟಿದೆ. ಬಿಲ್ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿ’ ಅಂತ ಕೈಯಲ್ಲಿ ಬರೆದು ಸಹಿ ಹಾಕಿದೆ. ಹಳೆ ಪಂಪ್ ಕೊಡುವುದಕ್ಕೂ ತಕರಾರು, ಕಂಪನಿಗೆ ವಾಪಸ್ ಕಳಿಸಬೇಕಂತೆ. ವಾರಂಟಿಯಲ್ಲಿ ಫ್ರೀ ಮಾಡಿದ್ದರೆ ಕಳಿಸಿ, ದುಡ್ಡು ಕೊಟ್ಟವನು ನಾನು, ಪಂಪ್ ನಂದು ಅಂತ ಕೂತುಬಿಟ್ಟೆ. ಕೊಟ್ಟರು. ಹೊರಡುವಾಗ ಅದೇ ಅಡ್ವೈಸರ್ ಕಾರಿನ ಬಾಗಿಲು ತೆಗೆದುಕೊಟ್ಟು, ‘ಸರ್, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ, ನಮ್ಮ ಇನ್ಸೆಂಟಿವ್ ಕಟ್ ಆಗುತ್ತೆ’ ಅಂದ. ಆಣೆಗೂ ಹೀಗೇ ಅಂದ. ಕಾಲ್ ಬಂತು. ಸೊನ್ನೆ ಕೊಟ್ಟೆ. ಸೊನ್ನೆಗೆ ಆಯ್ಕೆ ಇಲ್ಲವಂತೆ, ಒಂದು ಅಂತ ಬರೆದುಕೊಂಡರು.

ನೀವು ಮಾಡಬೇಕಾದ್ದು ಇಷ್ಟು. ಕಂಪನಿ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿ ರೀಕಾಲ್ ಇದೆಯಾ ನೋಡಿ. ‘ಬಾಕಿ ಇಲ್ಲ’ ಅಂತ ಬಂದರೆ ಅಲ್ಲಿಗೇ ನೆಮ್ಮದಿಯಾಗಬೇಡಿ, ಹಿಂದೆ ಇತ್ತಾ, ಯಾವಾಗ, ಎಲ್ಲಿ ಕ್ಲೋಸ್ ಆಯಿತು ಅಂತ ಕೇಳಿ ಆ ದಿನದ ಜಾಬ್ ಕಾರ್ಡ್ ತೆಗೆಸಿ. ಪಾರ್ಟ್ ಬದಲಾಗಿದ್ದರೆ ಬಿಚ್ಚಿಸಿ, ತಾರೀಖು ನೋಡಿ, ಫೋಟೋ ತೆಗೀರಿ. ಅಡ್ವೈಸರ್ ಬೇಡ, ಮೆಕ್ಯಾನಿಕ್ ಹತ್ತಿರ ಮಾತಾಡಿ. ಫೋನಿನಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಇಮೇಲ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಅದಾದ ಮೇಲೆ ಜಿಲ್ಲಾ ಗ್ರಾಹಕರ ಆಯೋಗ. ವಕೀಲರು ಇರಲೇಬೇಕು ಅಂತೇನಿಲ್ಲ, ನೀವಿರುವ ಊರಿನಲ್ಲೇ ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು.

ನಾನು ಹಾಕಿದ್ದೇನೆ. ನೋಟಿಸ್ ಹೋದ ಮೇಲೆ ಇವರ ದನಿಯೇ ಬದಲಾಗಿದೆ. ಮೊನ್ನೆ ರೀಜನಲ್ ಆಫೀಸಿನಿಂದ ಯಾರೋ ದೊಡ್ಡವರು ಫೋನ್ ಮಾಡಿ, ಪೂರ್ತಿ ಬಿಲ್ ವಾಪಸ್ ಕೊಡುತ್ತೇವೆ, ಬನ್ನಿ ಕಾಫಿ ಕುಡಿಯೋಣ ಅಂದರು. ಕಳಿಸಿದ ಪತ್ರದಲ್ಲಿ ಎರಡು ಷರತ್ತು. ಕೇಸ್ ವಾಪಸ್ ತಗೋಬೇಕು. ಹಳೆ ಪಂಪನ್ನು ಅವರಿಗೆ ಒಪ್ಪಿಸಬೇಕು. ಪಂಪ್ ಯಾಕೆ ಬೇಕು ಅಂತ ಕೇಳಿದೆ. ‘ಪ್ರೊಸೀಜರ್ ಸರ್’ ಅಂದರು. 2021ರಲ್ಲಿ ಅದೇ ಡೀಲರ್ ಹತ್ತಿರ ಇನ್ನೆಷ್ಟು ಗಾಡಿಗಳ ರೀಕಾಲ್ ಹೀಗೆ ‘ಕ್ಲೋಸ್’ ಆಗಿದೆ, ಅವುಗಳ ಮಾಲೀಕರಿಗೆ ತಿಳಿಸಿದ್ದೀರಾ ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಬರುವ ತನಕ ಸಹಿ ಹಾಕಲ್ಲ, ಪಂಪೂ ಕೊಡಲ್ಲ.