ಎರಡು ವರ್ಷ, ಐದು ಸ್ಪೀಕರ್, ಒಂದು ಗುಂಯ್ ಸದ್ದು

ಐದು ಸ್ಪೀಕರ್, ಒಂದು ಸಬ್ ವೂಫರ್ ಇರುವ 5.1 ಹೋಮ್ ಥಿಯೇಟರ್ ಸೆಟ್ ಮನೆಗೆ ಬಂದು ಎರಡು ವರ್ಷ ಆಯಿತು. ಎಲ್ಲ ಸ್ಪೀಕರ್‌ಗಳನ್ನೂ ನಡೆಸುವ ರಿಸೀವರ್ ಡಬ್ಬ ಸೇರಿ 62 ಸಾವಿರ ಬಿತ್ತು, ನನ್ನ ಸಂಬಳಕ್ಕೆ ಜಾಸ್ತಿನೇ. ಎಷ್ಟು ವ್ಯಾಟ್ ಪವರ್ ಅನ್ನೋ ಲೆಕ್ಕವೆಲ್ಲ ಪ್ಯಾಕಿಂಗ್ ಮೇಲೇ ಇರುತ್ತದೆ, ಬಿಡಿ. ನಾನು ಹೇಳಬೇಕಾದ್ದು ಮೊದಲ ಆರು ತಿಂಗಳು ನನ್ನ ತಲೆ ತಿಂದ ಗುಂಯ್ ಸದ್ದಿನ ಬಗ್ಗೆ. ಬೇಸ್, ಅಂದರೆ ತಗ್ಗು ದನಿಯ ಸದ್ದು, ನುಡಿಸುವ ಸಬ್ ವೂಫರ್ ಬಾಯಿಬಿಟ್ಟರೆ ಸಾಕು, ಮಾತೆಲ್ಲ ಅದರೊಳಗೆ ಮುಳುಗಿ ಹೋಗುತ್ತಿತ್ತು.

ಸೆಟ್ ಜೊತೆ ಒಂದು ಪುಟ್ಟ ಮೈಕ್ ಬರುತ್ತದೆ. ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಅದನ್ನು ಇಡಬೇಕು. ರಿಸೀವರ್ ಒಂದೊಂದೇ ಸ್ಪೀಕರಿನಿಂದ ಸದ್ದು ಬಿಟ್ಟು, ದೂರ ಎಷ್ಟು, ವಾಲ್ಯೂಮ್ ಎಷ್ಟಿರಬೇಕು ಅಂತ ತಾನೇ ಲೆಕ್ಕ ಹಾಕುತ್ತದೆ. ಅಷ್ಟು ಹೊತ್ತು ಮನೆಯಲ್ಲಿ ಸದ್ದಿರಬಾರದು. ನಮ್ಮದು ತುಮಕೂರಿನ ಕ್ಯಾತ್ಸಂದ್ರ! ಮೊದಲ ಸಲ ಕುಕ್ಕರ್ ಕೂಗಿತು. ಎರಡನೇ ಸಲ ರೈಲು ಬಂತು. ಮೂರನೇ ಸಲ ರಾತ್ರಿ ಹನ್ನೊಂದಕ್ಕೆ ಫ್ಯಾನ್ ಆಫ್ ಮಾಡಿ, ಬೆವರು ಒರೆಸಿಕೊಳ್ಳುತ್ತಾ ಮುಗಿಸಿದೆ.

ನೋಡಿದರೆ ಸಬ್ ವೂಫರ್ 15 ಅಡಿ ದೂರ ಅಂತ ತೋರಿಸುತ್ತಿದೆ. ಟೇಪ್ ಹಿಡಿದರೆ ಎಂಟೇ ಅಡಿ. ಅಂಗಡಿ ಹುಡುಗನಿಗೆ ಫೋನ್ ಮಾಡಿ ರೇಗಿದೆ. "ಅದು ಸರಿಯಾಗೇ ಇದೆ ಸಾರ್, ಮುಟ್ಟಬೇಡಿ" ಅಂದ. ಹಟಕ್ಕೆ ಎಂಟು ಅಂತ ಹಾಕಿದೆ, ಇನ್ನೂ ಕೆಟ್ಟಿತು. ಆಮೇಲೆ ತಿಳಿಯಿತು: ಸಬ್ ವೂಫರಿನೊಳಗಿನ ಸರ್ಕ್ಯೂಟಿನಲ್ಲೇ ಸದ್ದು ಚೂರು ತಡವಾಗುತ್ತದೆ. ಸದ್ದು ಒಂದು ಅಡಿ ಹೋಗಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕಲ್ವಾ, ಆ ತಡವನ್ನೂ ರಿಸೀವರ್ ಅಡಿ ಲೆಕ್ಕಕ್ಕೇ ಸೇರಿಸಿತ್ತು. ಹುಡುಗ ಹೇಳಿದ್ದೇ ಸರಿ. ಮೆಷಿನ್ ಮೇಲಿನ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಆದರೂ ಒಂದು ತಪ್ಪು ಮಾಡಿತ್ತು. ಮುಂದಿನ ಸಣ್ಣ ಸ್ಪೀಕರ್‌ಗಳನ್ನು 'ಲಾರ್ಜ್', ಅಂದರೆ ಬೇಸನ್ನೂ ತಾವೇ ನುಡಿಸುವಂಥವು ಅಂತ ಗುರುತು ಹಾಕಿತ್ತು. 'ಸ್ಮಾಲ್' ಮಾಡಿ, ಕ್ರಾಸ್ಓವರ್, ಅಂದರೆ ಬೇಸನ್ನು ಸಬ್ ವೂಫರಿಗೆ ದಾಟಿಸುವ ಗಡಿ, 80 ಹರ್ಟ್ಸ್‌ಗೆ ಇಟ್ಟ ಮೇಲೆ ಮಾತು ಬಿಡಿಬಿಡಿಯಾಗಿ ಕೇಳಿಸಿತು. ಗುಂಯ್ ಮಾತ್ರ ಹಾಗೇ ಇತ್ತು.

ಕಳ್ಳ ಸಿಕ್ಕಿದ್ದು ಹಾಲ್‌ನಲ್ಲೇ. ಅದರ ಉದ್ದ 14 ಅಡಿ. ಅಷ್ಟು ಉದ್ದದ ಕೋಣೆಯಲ್ಲಿ 40 ಹರ್ಟ್ಸ್ ಸುತ್ತಮುತ್ತಲಿನ ಸದ್ದು ಗೋಡೆಯಿಂದ ಗೋಡೆಗೆ ಹೊಡೆದು ಗೋಡೆ ಪಕ್ಕದಲ್ಲೇ ಜೋರಾಗುತ್ತದೆ. ನಮ್ಮ ಸೋಫಾ ಗೋಡೆಗೆ ಅಂಟಿಕೊಂಡೇ ಇತ್ತು. ಅದನ್ನು ಎರಡು ಅಡಿ ಮುಂದಕ್ಕೆ ಎಳೆದೆ. ಆಮೇಲೆ ಸಬ್ ವೂಫರನ್ನು ಸೋಫಾ ಮೇಲೆ ಕೂರಿಸಿ, ಬೇಸ್ ಹಾಡು ಹಾಕಿ, ನಾನು ನೆಲದ ಮೇಲೆ ಅಂಬೆಗಾಲಿಟ್ಟು ಸುತ್ತಿದೆ. ಎಲ್ಲಿ ಸದ್ದು ಸಮನಾಗಿ ಕೇಳುತ್ತದೋ ಅಲ್ಲೇ ಸಬ್ ವೂಫರ್ ಇಡಬೇಕು.

"ಏನೋ ಕಳ್ಕೊಂಡೆ? ಉಂಗುರಾನಾ?" ಅಮ್ಮ ಅಡುಗೆಮನೆಯಿಂದ ಬಂದು ಕೇಳಿದಳು. ಆಮೇಲೆ ತಾನೂ ಸ್ವಲ್ಪ ಹುಡುಕಿದಳು.

ಜಾಗ ಸಿಕ್ಕಿದ್ದು ಹೊಲಿಗೆ ಮೆಷಿನ್ ಪಕ್ಕ. ಅಮ್ಮ ಮೆಷಿನ್ ಸರಿಸಲು ಒಪ್ಪಿದ್ದೇ ದೊಡ್ಡದು.

ಕೊನೆಗೆ ಉಳಿದದ್ದು ಸಣ್ಣದೊಂದು ಗಿರ್ರ್. ಟೆಸ್ಟ್ ಸದ್ದಿನ ಹರ್ಟ್ಸ್ ನಿಧಾನವಾಗಿ ಏರಿಸಿದಾಗ 45 ಹರ್ಟ್ಸ್ ಹತ್ತಿರ ಮಾತ್ರ ಬರುತ್ತಿತ್ತು. ಶೋಕೇಸ್‌ನಲ್ಲಿ ಒಂದರೊಳಗೊಂದು ಜೋಡಿಸಿದ್ದ ಸ್ಟೀಲ್ ಲೋಟಗಳು! ಬೆರಳಿಟ್ಟರೆ ಗಪ್‌ಚುಪ್, ತೆಗೆದರೆ ಗಿರ್ರ್. ಬಿಡಿಸಿಟ್ಟು, ಕೆಳಗೆ ಹಳೇ ಟವೆಲ್ ಹಾಸಿದೆ.

ಈಗ ಭಾನುವಾರ ಬೆಳಗ್ಗೆ ತಟ್ಟೆ ಇಡ್ಲಿ ತಿಂದು ಬಂದು ಒಂದೊಂದೇ ಸ್ಪೀಕರಿನ ಟೆಸ್ಟ್ ಸದ್ದು ಕೇಳುವುದು ಅಭ್ಯಾಸ. ಬೇಕಾಗಿಲ್ಲ, ಸುಮ್ನೆ. ಐದಕ್ಕೆ ನಾಲ್ಕು ಸ್ಟಾರ್. ಮೈಕಿನ ವೈರ್ ಗಿಡ್ಡ, ಅದಕ್ಕೇ ಒಂದು ಕಟ್.

ಹೋದ ವಾರ ಹಬ್ಬಕ್ಕೆ ಬಂದ ಅತ್ತೆ ಶೋಕೇಸ್ ಒರೆಸಿ, ಲೋಟಗಳನ್ನು ಜೋಡಿಸಿ, ಟವೆಲ್ ಒಗೆಯಲು ಹಾಕಿದ್ದಾರೆ. ರಾತ್ರಿ ಸಿನಿಮಾ ಶುರುವಾದ ಎರಡೇ ನಿಮಿಷಕ್ಕೆ ನನಗೆ ಗೊತ್ತಾಯಿತು.