ಆಸ್ಪತ್ರೆ ವಾರ್ಡಿಗೇ ಬರುವ ಆಕ್ಸಿಡೆಂಟ್ ಕೇಸ್ ಹಿಡಿಯುವವರ ಬಗ್ಗೆ ಎಚ್ಚರ

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯವರು ದಯವಿಟ್ಟು ಪೂರ್ತಿ ಓದಿ. ಮನೆಯವರು ಯಾರಾದರೂ ಆಕ್ಸಿಡೆಂಟ್ ಆಗಿ ಮಂಗಳೂರಿನಲ್ಲಿ ಮಲಗಿದ್ದರೆ ಇವತ್ತೇ ಓದಿ.

ಉಪ್ಪಳದ ಹತ್ತಿರ ಹೈವೇಯಲ್ಲಿ ಅಪ್ಪನಿಗೆ ಕಾರು ಗುದ್ದಿ ಕಾಲು ಮುರಿಯಿತು. ಎಲ್ಲರ ಹಾಗೆ ನಾವೂ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಓಡಿದೆವು. ಆಪರೇಷನ್ ಆಗಿ ವಾರ್ಡಿಗೆ ತಂದ ದಿನವೇ ಒಬ್ಬ ಹಾಜರು. ಕಾಸರಗೋಡಿನ ವಕೀಲರೊಬ್ಬರ ಕಡೆಯವನಂತೆ. ಚಂದದ ಕನ್ನಡ. "ಈಗ ಒಂದು ಪೈಸೆ ಬೇಡ, ಪರಿಹಾರದ ದುಡ್ಡು ಬಂದ ಮೇಲೆ ನೂರಕ್ಕೆ ಮೂವತ್ತು ಕೊಟ್ಟರೆ ಸಾಕು" ಅಂದ. ಆರು ತಿಂಗಳೊಳಗೆ ಕೇಸ್ ಹಾಕದಿದ್ದರೆ ಹೋಯಿತು ಅಂತ ಹೆದರಿಸಿದ. ವಕಾಲತ್ತಿಗೆ (ಇವರೇ ನಮ್ಮ ವಕೀಲರು ಅನ್ನುವ ಪತ್ರ) ಅಪ್ಪನ ಸಹಿ, ಜೊತೆಗೆ ಖಾಲಿ ಹಾಳೆಗಳಿಗೂ ಸಹಿ. ಬಿಲ್ಲು ಏರುತ್ತಾ ಇರುವಾಗ ಯಾರು ತಾನೇ ಬೇಡ ಅನ್ನುತ್ತಾರೆ?

ಆಮೇಲೆ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು, "ಡೇಟ್ ಬಂದಾಗ ಹೇಳ್ತೇವೆ". ಮೆಡಿಕಲ್ ಬೋರ್ಡಿನ ಅಂಗವೈಕಲ್ಯ ಸರ್ಟಿಫಿಕೇಟ್ ತಂದುಕೊಡಲಾ ಅಂದರೆ "ಬೇಕಾದಾಗ ಕೇಳ್ತೇವೆ". ಕೇಳಲೇ ಇಲ್ಲ.

ಒಂದು ದಿನ ಅಪ್ಪನ ಖಾತೆಗೆ ದುಡ್ಡು ಬಂತು. ಆಪರೇಷನ್ ಖರ್ಚಿಗೂ ಸಾಲದು. ವಿದ್ಯಾನಗರದ ಕೋರ್ಟಿಗೆ ಹೋಗಿ ಕೇಸಿನ ಕಾಗದಗಳ ನಕಲು ತೆಗೆಸಿದೆ. ಲೋಕ ಅದಾಲತ್ತಿನಲ್ಲಿ, ಅಂದರೆ ಎರಡೂ ಕಡೆಯವರು ಒಪ್ಪಿ ಕೇಸ್ ಮುಗಿಸುವ ಕಡೆ, ರಾಜಿ ಆಗಿದೆ! ಇಂಗ್ಲಿಷ್ ಸಾಲುಗಳ ಕೆಳಗೆ ಅಪ್ಪನ ಕನ್ನಡ ಸಹಿ. ಮಲಗಿಕೊಂಡೇ ಹಾಕಿದ್ದರಿಂದ ಕೊನೆಯ ಅಕ್ಷರ ಕೆಳಗೆ ಜಾರಿದೆ. ಆಸ್ಪತ್ರೆಯಲ್ಲಿ ಹಾಳೆ ಹಿಡಿದುಕೊಂಡಿದ್ದವಳು ನಾನೇ, ನನಗೆ ಗೊತ್ತಾಗದೆ ಇರುತ್ತದಾ? ಅಪ್ಪ ಅದಾಲತ್ತಿಗೆ ಹೋದವರೇ ಅಲ್ಲ. ಓದುತ್ತಾ ಕೈಕಾಲು ನಡುಗಿತು.

ವಕೀಲರ ಆಫೀಸಿಗೆ ಹೋದೆ. ನಮ್ಮ ಫೈಲ್ ತೆಗೆದರು. ನಾನು ಜೋಡಿಸಿ ಕೊಟ್ಟ ಔಷಧಿ ಬಿಲ್ಲುಗಳು ಅದೇ ರಬ್ಬರ್ ಬ್ಯಾಂಡಿನಲ್ಲಿ ಹಾಗೇ ಇವೆ. ಕೋರ್ಟಿಗೆ ಕೊಟ್ಟೇ ಇಲ್ಲ! ಯಾಕೆ ಅಂತ ಕೇಳಿದ್ದಕ್ಕೆ ವಕೀಲರ ಉತ್ತರ: "ನಡೆಸಿದ್ದರೆ ವರ್ಷಗಟ್ಟಲೆ ಎಳೀತಿತ್ತು. ಸಿಕ್ಕಿದ್ದು ಲಾಭ ಅಂದುಕೊಳ್ಳಿ." ನಮ್ಮನ್ನು ಒಂದು ಮಾತು ಕೇಳಬೇಡವಾ ಅಂದೆ. "ಕೇಳಿದ್ದರೆ ನಿಮಗೆ ಏನು ಅರ್ಥ ಆಗ್ತಿತ್ತು?" ಈ ಮಾತು ಇವತ್ತಿಗೂ ಕಿವಿಯಲ್ಲಿದೆ. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಏನೂ ತಿಳಿಯುವುದಿಲ್ಲ ಅಂತ ಲೆಕ್ಕ. ಮೇಲಿಂದ ಮೂವತ್ತು ಪರ್ಸೆಂಟ್ ಯಾವಾಗ ಕೊಡ್ತೀರಿ ಅಂತ ಕೇಳಿದರು!

ಅದಾಲತ್ತಿನ ತೀರ್ಪಿಗೆ ಅಪೀಲಿಲ್ಲ. ಮೋಸ ಆಗಿದೆ ಅಂತ ಕೇರಳ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವುದೊಂದೇ ದಾರಿ, ಅದಕ್ಕೆ ಎರ್ನಾಕುಳಕ್ಕೆ ಅಲೆಯಬೇಕು.

ಪರಿಹಾರದಲ್ಲಿ ಪಾಲು ಕೇಳುವುದು, ಜನ ಕಳಿಸಿ ಕೇಸ್ ಹಿಡಿಯುವುದು ಎರಡನ್ನೂ ವಕೀಲರನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್‌ನ ನಿಯಮ ನಿಷೇಧಿಸುತ್ತದೆ. ವಾರ್ಡಿಗೆ ಬಂದವನನ್ನು ಅಲ್ಲಿಂದಲೇ ಕಳಿಸಿ. ಆರು ತಿಂಗಳು ಅಂದರೆ ಮಂಚದಲ್ಲೇ ಸಹಿ ಹಾಕಬೇಕು ಅಂತಲ್ಲ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಬಿಲ್ಲು, ಎಫ್‌ಐಆರ್, ಗಾಯದ ಸರ್ಟಿಫಿಕೇಟ್ ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ, ಹೆಂಗಸರಿಗೆ, ಅಂಗವಿಕಲರಿಗೆ ಆದಾಯದ ಮಿತಿಯೂ ಇಲ್ಲ. ಇದನ್ನು ಆಸ್ಪತ್ರೆಯಲ್ಲಿ ನಮಗೆ ಯಾರೂ ಹೇಳಲಿಲ್ಲ.

ನಮ್ಮ ಫೈಲ್ ಇನ್ನೂ ಕೊಟ್ಟಿಲ್ಲ, ಫೀಸ್ ಬಾಕಿಯಂತೆ. ಫೀಸಿಗಾಗಿ ಕಕ್ಷಿದಾರರ ಫೈಲ್ ತಡೆಹಿಡಿಯುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಅದನ್ನೇ ಬರೆದು ಬಾರ್ ಕೌನ್ಸಿಲ್ಲಿಗೆ ದೂರು ಕಳಿಸಿದ್ದೇನೆ.