ಇಂಪ್ಲಾಂಟ್ ಹಲ್ಲು: ಆರು ವರ್ಷ ಅಗಿದ ಮೇಲೆ ಬರೆಯುತ್ತಿದ್ದೇನೆ

ಕೆಳಗಿನ ಎಡಗಡೆ ದವಡೆ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್, ಅಂದರೆ ದವಡೆ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ, ಅದರ ಮೇಲೆ ಹಲ್ಲಿನಾಕಾರದ ಕ್ಯಾಪ್, ಹಾಕಿಸಿಕೊಂಡು ಆರು ವರ್ಷ ದಾಟಿತು. ಹಾಕಿಸಿದ ತಿಂಗಳಲ್ಲೇ "ಸೂಪರ್" ಅಂತ ಬರೆಯೋರು ಜಾಸ್ತಿ. ವರ್ಷಗಳು ಕಳೆದ ಮೇಲೆ ಏನಾಯಿತು ಅಂತ ಹೇಳೋರು ಸಿಗುವುದಿಲ್ಲ.

ಆ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು. ಮೇಲೆ ಕ್ಯಾಪ್ ಹಾಕಿಸಿರಲಿಲ್ಲ. ಒಂದು ದಿನ ಚಕ್ಕುಲಿ ಕಚ್ಚುವಾಗ ಸೀಳಿತು, ಕೀಳಿಸಬೇಕಾಯಿತು. ಹಿಂದಿನ ಹಲ್ಲು ಅಲ್ವಾ, ಯಾರಿಗೆ ಕಾಣುತ್ತದೆ ಅಂತ ಎರಡು ವರ್ಷ ಸುಮ್ನೆ ಬಿಟ್ಟೆ. ಹಾಗೆ ಬಿಡಬಾರದು. ಜಾಗ ಖಾಲಿ ಇದ್ದರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಮೇಲಿನದು ಕೆಳಗೆ ಇಳಿಯುತ್ತದೆ, ಒಳಗೆ ಮೂಳೆಯೂ ಸವೆಯುತ್ತಾ ಹೋಗುತ್ತದೆ. ನನಗೆ ಮೂರೂ ಸ್ವಲ್ಪ ಸ್ವಲ್ಪ ಆಗಿತ್ತು. ಪುಣ್ಯಕ್ಕೆ ಮೂಳೆ ತುಂಬಿಸುವ ಮಟ್ಟಕ್ಕೆ ಹೋಗಿರಲಿಲ್ಲ.

ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಸೆಟ್ಟು ಬೇಡ ಅನಿಸಿತು. ಬ್ರಿಡ್ಜ್, ಅಂದರೆ ಆಚೀಚೆಯ ಹಲ್ಲುಗಳ ಆಸರೆಯಲ್ಲಿ ನಡುವೆ ಕೂರಿಸುವ ಹಲ್ಲು, ಮಾಡಿಸಿದರೆ ಬೇಗ ಮುಗಿಯುತ್ತಿತ್ತು, ಖರ್ಚೂ ಕಡಿಮೆ. ಆದರೆ ಒಂದು ಹಲ್ಲಿಗಾಗಿ ಆಚೀಚೆ ಇರುವ ಎರಡು ಗಟ್ಟಿ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಬೇಕು ಅಂದಾಗ ಮನಸ್ಸು ಒಪ್ಪಲಿಲ್ಲ. ಇಂಪ್ಲಾಂಟ್‌ಗೆ ಕ್ಯಾಪ್ ಸೇರಿ 38 ಸಾವಿರ ಆಯಿತು. ನನ್ನ ಆರೋಗ್ಯ ವಿಮೆಯಿಂದ ಒಂದು ರೂಪಾಯಿ ಬರಲಿಲ್ಲ.

ಮೊದಲು 3ಡಿ ಸ್ಕ್ಯಾನ್ ಮಾಡಿದರು. ಕೆಳದವಡೆಯ ಒಳಗೆ ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಹೋಗುತ್ತದೆ, ಸ್ಕ್ರೂ ಅದಕ್ಕೆ ತಾಗಿದರೆ ತುಟಿ ಜೋಮು ಹಿಡಿದಂತೆ ಉಳಿದುಬಿಡಬಹುದು. ನರಕ್ಕೂ ಸ್ಕ್ರೂಗೂ ನಡುವೆ ಎರಡು ಮಿಲಿಮೀಟರ್ ಆದರೂ ಬಿಡಬೇಕು ಅಂತ ಡಾಕ್ಟರ್ ಪರದೆ ಮೇಲೆ ಅಳೆದು ತೋರಿಸಿದರು. ಸಕ್ಕರೆ ಕಾಯಿಲೆ ಇದೆಯಾ, ಮನೆಯಲ್ಲಿ ಯಾರಾದರೂ ಸಿಗರೇಟ್ ಸೇದುತ್ತಾರಾ, ಎಲೆಅಡಿಕೆ ಹಾಕುತ್ತೀರಾ, ಎಲ್ಲ ಕೇಳಿದರು. ಸ್ಕ್ರೂ ಕೂರಿಸುವ ದಿನ ನಾನು ಹೆದರಿದಷ್ಟು ನೋವಾಗಲಿಲ್ಲ, ಹಲ್ಲು ಕೀಳಿಸಿದ ದಿನದ ನೋವೇ ಹೆಚ್ಚಿತ್ತು. ದವಡೆ ಪೂರ್ತಿ ಗುಂಯ್ ಅಂತ ನಡುಗುವುದು ಮಾತ್ರ ಗೊತ್ತಾಗುತ್ತದೆ. ಎರಡು ದಿನ ಕೆನ್ನೆ ಊದಿತ್ತು. ಬಿಸಿ ಆರಿದ ರಾಗಿ ಮುದ್ದೆ ನುಂಗಿಕೊಂಡು ಆ ವಾರ ಕಳೆದೆ, ಅದಕ್ಕೆ ಅಗಿಯುವ ಕೆಲಸ ಇಲ್ಲ.

ಆಮೇಲೆ ಕ್ಯಾಪ್ ಹಾಕುವ ಮುಂಚೆ ಮೂರು ತಿಂಗಳು ಕಾಯಬೇಕು. ಈ ಕಾಯುವುದೇ ಇಡೀ ಚಿಕಿತ್ಸೆಯ ಜೀವ. ಟೈಟಾನಿಯಂ ಸುತ್ತ ಮೂಳೆ ಬೆಳೆದು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. 1950ರ ದಶಕದಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಮೂಳೆಯೊಳಗೆ ಇಟ್ಟಿದ್ದ ಟೈಟಾನಿಯಂ ಉಪಕರಣವನ್ನು ವಾಪಸ್ ತೆಗೆಯಲು ಹೋದಾಗ ಅದು ಬಿಟ್ಟು ಬರಲೇ ಇಲ್ಲವಂತೆ. ಅಲ್ಲಿಂದ ಇದು ಶುರು. 1965ರಲ್ಲಿ ಅವರು ಮೊದಲ ರೋಗಿಗೆ ಹಾಕಿದ ಇಂಪ್ಲಾಂಟ್‌ಗಳು 40 ವರ್ಷ ಕೆಲಸ ಮಾಡಿದವು. "ಮೂರು ದಿನದಲ್ಲಿ ಹಲ್ಲು" ಅನ್ನುವ ಬೋರ್ಡು ಕಂಡಾಗ ಇದನ್ನು ನೆನಪಿಸಿಕೊಳ್ಳಿ. ಕೆಲವರಿಗೆ ಬೇಗ ಕೂರಿಸಲು ಆಗುತ್ತದೆ, ಎಲ್ಲರಿಗೂ ಅಲ್ಲ.

ಅಗಿಯುವ ಶಕ್ತಿಗೆ ಪೂರ್ತಿ ಅಂಕ ಕೊಡುತ್ತೇನೆ. ಹುರಿಗಡಲೆ, ಕೋಡುಬಳೆ ಎಲ್ಲ ಎಡಗಡೆಯಲ್ಲೇ ತಿನ್ನುತ್ತೇನೆ. ಒಂದು ವ್ಯತ್ಯಾಸ ಮಾತ್ರ ಇದ್ದೇ ಇದೆ. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳ್ಳನೆ ನಾರಿನ ಪದರ ಇರುತ್ತದೆ, ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕರೂ ತಕ್ಷಣ ಗೊತ್ತಾಗುತ್ತದೆ. ಇಂಪ್ಲಾಂಟ್‌ಗೆ ಆ ಪದರ ಇಲ್ಲ, ಗಟ್ಟಿ ಕಚ್ಚಿದ್ದು ತಡವಾಗಿ ತಿಳಿಯುತ್ತದೆ. ಇನ್ನೊಂದು, ಆಹಾರ ಸಿಕ್ಕಿಕೊಳ್ಳುವುದು. ಬುಡ ಸಪೂರ, ಮೇಲಿನ ಕ್ಯಾಪ್ ಅಗಲ, ಹಾಗಾಗಿ ವಸಡಿನ ಹತ್ತಿರ ಸಂದು ಉಳಿಯುತ್ತದೆ. ನುಗ್ಗೆಕಾಯಿ ಹುಳಿ ಮಾಡಿದ ದಿನ ಒಂದು ನಾರಾದರೂ ಅಲ್ಲಿ ಸೇರಿಕೊಳ್ಳುತ್ತದೆ. ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಷ್ ತಂದಿಟ್ಟುಕೊಂಡಿದ್ದೇನೆ, ದಿನಾ ರಾತ್ರಿ ಬೇಕೇ ಬೇಕು. ಇಂಪ್ಲಾಂಟ್ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಸುತ್ತಲಿನ ವಸಡಿಗೆ ಸೋಂಕಾದರೆ ಮೂಳೆ ಕರಗಿ ಗಟ್ಟಿಯಾಗಿ ಕೂತಿದ್ದ ಸ್ಕ್ರೂ ಕೂಡ ಅಲ್ಲಾಡುತ್ತದೆ, ಮೊದಮೊದಲು ನೋವೂ ಇರುವುದಿಲ್ಲ.

ಈಗ ನನ್ನ ಬೇಸರದ ವಿಷಯಕ್ಕೆ ಬರುತ್ತೇನೆ. ನಾಲ್ಕನೇ ವರ್ಷ ಊಟ ಮಾಡುವಾಗ ಟಕ್ ಅಂತ ಸದ್ದಾಯಿತು. ನಾಲಿಗೆಯಿಂದ ತಳ್ಳಿದರೆ ಹಲ್ಲು ಆಡುತ್ತಿತ್ತು. ಅಷ್ಟು ದುಡ್ಡು, ಅಷ್ಟು ತಿಂಗಳು ಎಲ್ಲ ನೀರಿಗೆ ಬಿತ್ತು ಅಂತ ಕೈಕಾಲು ತಣ್ಣಗಾದವು. ಅಷ್ಟರಲ್ಲಿ ನಾವು ತುಮಕೂರು ಬಿಟ್ಟು ಮೈಸೂರಿಗೆ ಬಂದಾಗಿತ್ತು. ಇಲ್ಲಿನ ಡಾಕ್ಟರ್ ಎಕ್ಸ್‌ರೇ ತೆಗೆದು, "ಗಾಬರಿ ಆಗ್ಬೇಡಿ ಮೇಡಂ, ಮೂಳೆಯೊಳಗಿರೋದು ಗಟ್ಟಿಯಾಗೇ ಇದೆ. ಕ್ಯಾಪ್ ಹಿಡಿದಿರೋ ಚಿಕ್ಕ ಸ್ಕ್ರೂ ಸಡಿಲ ಆಗಿದೆ ಅಷ್ಟೇ. ಯಾವ ಕಂಪನಿದು?" ಅಂದರು.

ನನಗೆ ಗೊತ್ತಿರಲಿಲ್ಲ. ಒಂದೊಂದು ಕಂಪನಿಯ ಸ್ಕ್ರೂ, ಅದನ್ನು ತಿರುಗಿಸುವ ಪುಟ್ಟ ಡ್ರೈವರ್ ಬೇರೆ ಬೇರೆ. ಮೊದಲು ಹಾಕಿಸಿದ ಕಡೆಗೆ ಫೋನ್ ಮಾಡಿದರೆ ಹಳೇ ಫೈಲ್ ಸಿಗುತ್ತಿಲ್ಲ ಅಂದರು. ಬಿಲ್ಲಿನಲ್ಲಿ "ಇಂಪ್ಲಾಂಟ್ 1" ಅಂತ ಮಾತ್ರ ಇತ್ತು. ಎಕ್ಸ್‌ರೇಯಲ್ಲಿ ಕಾಣುವ ಆಕಾರ ನೋಡಿ ಹುಡುಕಿ, ಸರಿಯಾದ ಡ್ರೈವರ್ ತರಿಸುವಷ್ಟರಲ್ಲಿ ಮೂರು ವಾರ ಹೋಯಿತು. ಅಷ್ಟು ದಿನ ಬಲಗಡೆಯಲ್ಲೇ ಅಗಿದೆ. ಕೊನೆಗೆ ಕ್ಯಾಪಿನ ಮೇಲಿದ್ದ ಚುಕ್ಕಿಯಷ್ಟು ಫಿಲ್ಲಿಂಗ್ ತೆಗೆದು, ಒಳಗೆ ತುಂಬಿದ್ದ ಬಿಳಿ ಟೆಫ್ಲಾನ್ ಟೇಪ್ ಎಳೆದು, ಹೊಸ ಸ್ಕ್ರೂ ಹಾಕಿ ಬಿಗಿ ಮಾಡಿದ್ದು ಇಪ್ಪತ್ತೇ ನಿಮಿಷದ ಕೆಲಸ! ಇಂಪ್ಲಾಂಟ್ ಪ್ಯಾಕೆಟ್ ಮೇಲೆ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಬರುತ್ತದೆ. ಅದನ್ನು ಒಂದು ಕಾರ್ಡಿಗೆ ಅಂಟಿಸಿ ನಮ್ಮ ಕೈಗೆ ಕೊಟ್ಟಿದ್ದರೆ ಇಷ್ಟು ಒದ್ದಾಟವೇ ಇರುತ್ತಿರಲಿಲ್ಲ. ದುಡ್ಡು ಕೊಡುವ ಮೊದಲೇ ಆ ಕಾರ್ಡ್ ಕೇಳಿ.

ಹೋದ ವರ್ಷ ಅಮ್ಮನಿಗೂ ಮಾಡಿಸಿದೆವು. ಅವರ ಕೆಳಗಿನ ಸೆಟ್ಟು ಮಾತಾಡುವಾಗ ಮೇಲೇಳುತ್ತಿತ್ತು, ಮದುವೆ ಮನೆಯಲ್ಲಿ ಬರೀ ಪಾಯಸ ಕುಡಿದು ಎದ್ದು ಬರುತ್ತಿದ್ದರು. ಈಗ ಎರಡು ಇಂಪ್ಲಾಂಟ್ ಮೇಲೆ ಸೆಟ್ಟು ಗುಂಡಿ ಹಾಕಿದ ಹಾಗೆ ಚಕ್ ಅಂತ ಕೂರುತ್ತದೆ. ರಾತ್ರಿ ತೆಗೆದು ತೊಳೆಯಬೇಕು, ಒಳಗಿನ ಪ್ಲಾಸ್ಟಿಕ್ ಬಿಲ್ಲೆ ಸವೆದಾಗ ಬದಲಾಯಿಸಬೇಕು. ಸೌತೆಕಾಯಿ ಹೋಳು ಕಚ್ಚಿ ತಿಂದ ದಿನ ಅಮ್ಮ ನನ್ನ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಅವರ ಕಾರ್ಡು ನನ್ನ ಬೀರುವಿನಲ್ಲಿದೆ, ಅದರ ಫೋಟೋ ನಮ್ಮಿಬ್ಬರ ಫೋನಿನಲ್ಲೂ ಇದೆ.